ಒಂದೇ ಮನೆ, ಮೂರು ರಹದಾರಿ

ಈ ಬೇಸಿಗೆಯಲ್ಲಿ ಅಜ್ಜಂಪುರದ ನಮ್ಮ ಮನೆಯ ಜಗಲಿಯಲ್ಲಿ ಮೂವರು ಮೊಮ್ಮಕ್ಕಳು ಸೇರಿದ್ದೆವು. ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಅತ್ತೆಯ ಮಗಳು, ಅಮೆರಿಕದಲ್ಲಿ ಹುಟ್ಟಿ ಮೂರನೇ ವರ್ಷಕ್ಕೆ ಬೆಂಗಳೂರಿಗೆ ಬಂದ ಚಿಕ್ಕಪ್ಪನ ಮಗ, ಮತ್ತು ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು. ಮಾತಿನ ನಡುವೆ ಅತ್ತೆಯ ಮಗಳು, ಮುಂದಿನ ವರ್ಷ ಆಸ್ಟ್ರೇಲಿಯಾಕ್ಕೆ ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಹೋಗುತ್ತೇನೆ ಎಂದಳು. ಹದಿನೆಂಟು ದಾಟಿದ ಯುವಕ ಯುವತಿಯರು ಒಂದು ವರ್ಷದ ಮಟ್ಟಿಗೆ ಬೇರೊಂದು ದೇಶಕ್ಕೆ ಹೋಗಿ, ಊರು ಸುತ್ತುತ್ತ, ಖರ್ಚಿಗೆ ಬೇಕಾದಷ್ಟು ದುಡಿದುಕೊಂಡು ಬರಲು ಕೊಡುವ ಪರವಾನಗಿ ಅದು. ಹಣ್ಣು ಕೀಳುವುದು, ಹೋಟೆಲಿನಲ್ಲಿ ಲೋಟ ತೊಳೆಯುವುದು, ಕಚೇರಿಯಲ್ಲಿ ಲೆಕ್ಕ ಬರೆಯುವುದು, ಯಾವುದೂ ಆದೀತು. "ನೀವಿಬ್ಬರೂ ಬನ್ನಿ, ಒಟ್ಟಿಗೆ ಹೋಗೋಣ" ಎಂದಳು.

ಲೆಕ್ಕ ಶುರುವಾಯಿತು. ಅವಳ ಕೈಯಲ್ಲಿರುವುದು ಬ್ರಿಟಿಷ್ ಪಾಸ್‌ಪೋರ್ಟ್. ಅವಳಿಗೆ 35 ವರ್ಷದವರೆಗೂ ಅವಕಾಶವಿದೆ, ಮೂರು ಸಲ ಹೋಗಬಹುದು, ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿಯಿಲ್ಲ. ನನ್ನದು ಭಾರತದ ಪಾಸ್‌ಪೋರ್ಟ್. ನನಗೆ ವಯಸ್ಸಿನ ಮಿತಿ 30, ಇಡೀ ದೇಶಕ್ಕೆ ವರ್ಷಕ್ಕೆ 1,000 ಜಾಗ, ಅದಕ್ಕೂ ಚೀಟಿ ಎತ್ತುತ್ತಾರೆ. ಚಿಕ್ಕಪ್ಪನ ಮಗನದು ಇನ್ನೊಂದು ಕಥೆ. ಅವನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟಾದರೂ ಹುಟ್ಟಿನಿಂದ ಅವನು ಅಮೆರಿಕದ ಪೌರನೂ ಹೌದು. ಏಪ್ರಿಲ್‌ನಲ್ಲಿ ಅವನಿಗೆ ಹದಿನೆಂಟು ತುಂಬಿತು. "ಅಕ್ಕಾ, ನಾನು ಯಾವ ಸಾಲಲ್ಲಿ ನಿಲ್ಲಬೇಕು?" ಎಂದು ಕೇಳಿದ.

ಅಡಿಕೆ ಕತ್ತರಿಸುತ್ತ ಕೂತಿದ್ದ ಅಜ್ಜಿ ತಲೆ ಎತ್ತಿದರು. "ಮೂರೂ ಜನ ಇದೇ ಮನೆ ಮೊಮ್ಮಕ್ಕಳು ತಾನೆ? ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಯಾಕಮ್ಮ?"

ತಮ್ಮನ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಬೇಕಾದರೆ ಅಜ್ಜಿಯ ಬದುಕಿನಷ್ಟೇ ಹಿಂದಕ್ಕೆ ಹೋಗಬೇಕು. ಬೆಂಗಳೂರಿಗೆ ಮರಳುವ ರೈಲಿನಲ್ಲಿ ನನಗೆ ಹೊಳೆದದ್ದು ಇದು: ಪಾಸ್‌ಪೋರ್ಟನ್ನೇ ಮಾಡಿಸದ, ಅಜ್ಜಂಪುರ ಬಿಟ್ಟು ಬೇರೆಲ್ಲೂ ನೆಲೆಸದ ನಮ್ಮ ಅಜ್ಜಿ ಕಾಗದದ ಮೇಲೆ ನಮ್ಮ ಮೂವರಿಗಿಂತ ಹೆಚ್ಚು ಸಲ ರಾಷ್ಟ್ರೀಯತೆ ಬದಲಿಸಿದ್ದಾರೆ.

ಮಹಾರಾಜರ ಪ್ರಜೆ

ಅಜ್ಜಿ ಹುಟ್ಟಿದ್ದು 1941ರಲ್ಲಿ. ಆಗ ಅಜ್ಜಂಪುರ ಮೈಸೂರು ಸಂಸ್ಥಾನದ ತರೀಕೆರೆ ತಾಲ್ಲೂಕಿಗೆ ಸೇರಿದ ಊರು. ಜಿಲ್ಲೆಯ ಹೆಸರು ಕಡೂರು, ಆಡಳಿತ ಕೇಂದ್ರ ಚಿಕ್ಕಮಗಳೂರು. ಕಡೂರು ಜಿಲ್ಲೆ ಚಿಕ್ಕಮಗಳೂರು ಜಿಲ್ಲೆಯಾದದ್ದು 1947ರಲ್ಲಿ. ಅಜ್ಜಂಪುರ ತಾನೇ ಒಂದು ತಾಲ್ಲೂಕಾದದ್ದು ತೀರಾ ಈಚೆಗೆ.

ಬ್ರಿಟಿಷರು ಆಳುತ್ತಿದ್ದ ಕಾಲದಲ್ಲಿ ಹುಟ್ಟಿದವರೆಲ್ಲ ಬ್ರಿಟಿಷ್ ಪ್ರಜೆಗಳಾಗಿದ್ದರು ಎಂದು ನಾವು ಅಂದುಕೊಳ್ಳುತ್ತೇವೆ. ಕಾನೂನು ಹಾಗೆ ಹೇಳುತ್ತಿರಲಿಲ್ಲ. ಬ್ರಿಟನ್ನಿನ 1914ರ ರಾಷ್ಟ್ರೀಯತಾ ಕಾಯ್ದೆಯ ಪ್ರಕಾರ ಬ್ರಿಟಿಷ್ ಪ್ರಜೆಯಾಗಲು ದೊರೆಯ ಸ್ವಂತ ಆಳ್ವಿಕೆಯ ನೆಲದಲ್ಲಿ ಹುಟ್ಟಬೇಕಿತ್ತು. ಮದ್ರಾಸ್, ಬೊಂಬಾಯಿ ಪ್ರಾಂತಗಳು ಅಂಥ ನೆಲ. ಮೈಸೂರು, ಹೈದರಾಬಾದ್‌ನಂಥ ಸಂಸ್ಥಾನಗಳು ದೊರೆಯ ಅಧೀನದಲ್ಲಿದ್ದವೇ ಹೊರತು ದೊರೆಯ ನೆಲವಾಗಿರಲಿಲ್ಲ. ಆದ್ದರಿಂದ ಅಜ್ಜಂಪುರದಲ್ಲಿ ಹುಟ್ಟಿದವರು ಮೈಸೂರು ಮಹಾರಾಜರ ಪ್ರಜೆಗಳು. ಸಮುದ್ರ ದಾಟಬೇಕಾಗಿ ಬಂದರೆ ಸಂಸ್ಥಾನದ ಪ್ರಜೆಗಳಿಗೆ ಸಿಗುತ್ತಿದ್ದ ಪಾಸ್‌ಪೋರ್ಟಿನಲ್ಲಿ 'ಬ್ರಿಟಿಷ್ ರಕ್ಷಿತ ವ್ಯಕ್ತಿ' ಎಂದು ಬರೆಯುತ್ತಿದ್ದರು. ರಕ್ಷಣೆ ಇದೆ, ಪ್ರಜೆಯ ಸ್ಥಾನ ಇಲ್ಲ ಎಂಬುದು ಅದರ ತಾತ್ಪರ್ಯ.

ಇವತ್ತಿನ ಕರ್ನಾಟಕದ ನಕ್ಷೆಯನ್ನು ಆ ಕಣ್ಣಿನಿಂದ ನೋಡಿದರೆ ವಿಚಿತ್ರವಾಗಿ ಕಾಣುತ್ತದೆ. ಅಜ್ಜಂಪುರದಲ್ಲಿ ರೈಲು ಹತ್ತಿ ಹರಿಹರದವರೆಗೆ ಹೋದರೆ ಮೈಸೂರು ಸೀಮೆ. ಅಲ್ಲಿ ತುಂಗಭದ್ರೆಯ ಸೇತುವೆ ದಾಟಿದ ಕೂಡಲೇ ಧಾರವಾಡ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕು, ಅಂದರೆ ಬೊಂಬಾಯಿ ಪ್ರಾಂತ. ಈ ದಡದ ಕನ್ನಡಿಗ ರಕ್ಷಿತ ವ್ಯಕ್ತಿ, ಆ ದಡದ ಕನ್ನಡಿಗ ಬ್ರಿಟಿಷ್ ಪ್ರಜೆ. ಪಶ್ಚಿಮಕ್ಕೆ ಘಟ್ಟ ಇಳಿದರೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ, ಅವರೂ ಬ್ರಿಟಿಷ್ ಪ್ರಜೆಗಳೇ. 1834ರಲ್ಲಿ ಕಂಪನಿಯ ವಶವಾದ ಕೊಡಗಿನವರೂ ಹಾಗೆಯೇ. ಕಲಬುರಗಿ, ರಾಯಚೂರಿನವರು ನಿಜಾಮನ ಪ್ರಜೆಗಳು.

ದೇಶ ಬಿಟ್ಟು ದೇಶಕ್ಕೆ ಹೋಗಿ ಹಂಗಾಮಿಗೆ ದುಡಿದು ಬರುವ ಪದ್ಧತಿಯೂ ಈ ಜಿಲ್ಲೆಗೆ ಹೊಸದಲ್ಲ. ಕಡೂರು ಜಿಲ್ಲೆಯ ಕಾಫಿ ತೋಟಗಳಿಗೆ ದಕ್ಷಿಣ ಕನ್ನಡದಿಂದ ಕೂಲಿಯಾಳುಗಳು ಘಟ್ಟ ಹತ್ತಿ ಬರುತ್ತಿದ್ದರು. ಮೇಸ್ತ್ರಿ ಮುಂಗಡ ಕೊಟ್ಟು ಕರೆತರುತ್ತಿದ್ದ, ಮಳೆಗಾಲ ಹಿಡಿಯುವ ಮೊದಲು ಅವರು ಊರಿಗೆ ಮರಳುತ್ತಿದ್ದರು. ಕಾನೂನಿನ ಮಾತಿನಲ್ಲಿ ಹೇಳುವುದಾದರೆ, ಬ್ರಿಟಿಷ್ ಪ್ರಜೆಗಳು ಸಂಸ್ಥಾನವೊಂದಕ್ಕೆ ಬಂದು ದುಡಿದು ಹೋಗುತ್ತಿದ್ದರು. ಅವರಿಗೆ ವೀಸಾ ಬೇಕಿರಲಿಲ್ಲ, ಹಾಲಿಡೇಯೂ ಇರಲಿಲ್ಲ. ಕರಾರು ಮುರಿದ ಕೂಲಿಯವರನ್ನು ಶಿಕ್ಷಿಸುವ ಕಾಯ್ದೆಯೊಂದನ್ನು 1859ರಲ್ಲೇ ಬ್ರಿಟಿಷ್ ಸರ್ಕಾರ ಮಾಡಿತ್ತು.

ಅದೇ ತೋಟದ ಯುರೋಪಿಯನ್ ಧಣಿಯೂ ಬ್ರಿಟಿಷ್ ಪ್ರಜೆಯೇ. ಆದರೆ ಅವನ ಲೆಕ್ಕ ಬೇರೆ. 1881ರ ಮಾರ್ಚ್ 25ರಂದು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದಾಗ ಮಾಡಿಕೊಂಡ ಹಸ್ತಾಂತರದ ಪತ್ರದಲ್ಲಿ, ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ಅಧಿಕಾರವನ್ನು ಗವರ್ನರ್ ಜನರಲ್ ತನ್ನ ಕೈಯಲ್ಲೇ ಉಳಿಸಿಕೊಂಡಿದ್ದ. ಒಂದೇ ತೋಟದಲ್ಲಿ ನಿಂತ ಇಬ್ಬರು ಒಂದೇ ದೊರೆಯ ಪ್ರಜೆಗಳಾದರೂ, ಅವರ ಮೇಲೆ ನಡೆಯುವ ಕಾನೂನು ಒಂದಾಗಿರಲಿಲ್ಲ.

'ಅರ್ಹತೆ' ಎಂಬ ಮಾತೂ ಆ ಕಾಲದ್ದೇ. ಬ್ರಿಟಿಷ್ ಸರ್ಕಾರದ ಹುದ್ದೆಗಳಿಗೆ ಸಂಸ್ಥಾನದವರು ಸೇರಬಹುದೇ ಎಂಬ ಪ್ರಶ್ನೆ ಎದ್ದಾಗ, 1916ರ ತಿದ್ದುಪಡಿಯೊಂದು ಸಂಸ್ಥಾನಗಳ ಅರಸರನ್ನೂ ಪ್ರಜೆಗಳನ್ನೂ ಅಧಿಸೂಚನೆಯ ಮೂಲಕ ಅರ್ಹರೆಂದು ಘೋಷಿಸುವ ಅಧಿಕಾರವನ್ನು ಗವರ್ನರ್ ಜನರಲ್‌ಗೆ ಕೊಟ್ಟಿತು. ಮದ್ರಾಸಿನವನಿಗೆ ಹುಟ್ಟಿನಿಂದ ಇದ್ದದ್ದು ಮೈಸೂರಿನವನಿಗೆ ಗೆಜೆಟ್ಟಿನಿಂದ ಬರಬೇಕಿತ್ತು. ಇತ್ತ ಮೈಸೂರಿನೊಳಗೆ ದೂರು ತಿರುಗುಮುರುಗಾಗಿತ್ತು. ದಿವಾನ್ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಇಬ್ಬರೂ ಮದ್ರಾಸ್ ಪ್ರಾಂತದಿಂದ ಬಂದವರು. ಹೊರಗಿನವರೇ ಮೇಲಿನ ಹುದ್ದೆಗಳನ್ನು ತುಂಬಿದ್ದಾರೆ, ಮೈಸೂರು ಮೈಸೂರಿನವರಿಗೇ ಇರಲಿ ಎಂಬ ಕೂಗು ದಶಕಗಳ ಕಾಲ ಕೇಳಿಬಂತು. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಜಗಳ ಪಾಸ್‌ಪೋರ್ಟಿಗಿಂತ ಹಳೆಯದು.

ಬ್ರಿಟಿಷರು ಹೋದ ಮೇಲೆ ಬ್ರಿಟಿಷ್ ಪ್ರಜೆ

ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಪೌರತ್ವದ ವಿಧಿಗಳಿಗೆ ಅಷ್ಟು ತಡೆಯಲಾಗಲಿಲ್ಲ. 5ರಿಂದ 9ರವರೆಗಿನ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಯಾದವು. ಅದರ ಹಿಂದಿನ ದಿನವಷ್ಟೇ ಮೈಸೂರು ಮಹಾರಾಜರು ಭಾರತದ ಸಂವಿಧಾನವನ್ನು ತಮ್ಮ ರಾಜ್ಯಕ್ಕೂ ಒಪ್ಪಿಕೊಂಡು ಘೋಷಣೆ ಹೊರಡಿಸಿದ್ದರು. ಎಂಟು ವರ್ಷದ ನಮ್ಮ ಅಜ್ಜಿ ಭಾರತದ ಪೌರಳಾದರು.

ಇಲ್ಲಿಯವರೆಗಿನದು ನಮಗೆ ತಿಳಿದ ಕಥೆ. ಇದರ ನೆರಳಿನಲ್ಲಿ ಇನ್ನೊಂದು ನಡೆಯಿತು. 1949ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಹೊಸ ರಾಷ್ಟ್ರೀಯತಾ ಕಾಯ್ದೆ ಜಾರಿಯಲ್ಲಿತ್ತು. ಅದರ ಮೊದಲ ಕಲಮಿನಲ್ಲೇ ಕಾಮನ್‌ವೆಲ್ತ್ ದೇಶಗಳ ಪಟ್ಟಿಯಿತ್ತು, ಪಟ್ಟಿಯಲ್ಲಿ ಭಾರತವೂ ಇತ್ತು. ಆ ದೇಶಗಳ ಪೌರರೆಲ್ಲ ಬ್ರಿಟನ್ನಿನ ಕಾನೂನಿನಲ್ಲಿ 'ಬ್ರಿಟಿಷ್ ಪ್ರಜೆ' ಅಥವಾ 'ಕಾಮನ್‌ವೆಲ್ತ್ ಪೌರ'. ಎರಡೂ ಹೆಸರಿಗೆ ಅರ್ಥ ಒಂದೇ ಎಂದು ಕಾಯ್ದೆಯೇ ಹೇಳಿತ್ತು. ಗಣರಾಜ್ಯವಾದರೂ ಭಾರತ ಕಾಮನ್‌ವೆಲ್ತಿನಲ್ಲಿ ಉಳಿಯಬಹುದು ಎಂದು 1949ರ ಏಪ್ರಿಲ್‌ನ ಲಂಡನ್ ಘೋಷಣೆ ತೀರ್ಮಾನಿಸಿದ್ದರಿಂದ ಈ ಸ್ಥಾನ ಮುಂದುವರಿಯಿತು.

ಹೀಗಾಗಿ, ಬ್ರಿಟಿಷರು ಆಳುತ್ತಿದ್ದಾಗ ಬ್ರಿಟಿಷ್ ಪ್ರಜೆಯಾಗಿರದ ಅಜ್ಜಂಪುರದ ಹುಡುಗಿ, ಬ್ರಿಟಿಷರು ಹೋದ ಮೇಲೆ, ಭಾರತದ ಪೌರಳಾದ ಕಾರಣಕ್ಕೇ ಬ್ರಿಟಿಷ್ ಪ್ರಜೆಯಾದಳು. ಅವಳಿಗೆ ಅದು ಗೊತ್ತಾಗಲಿಲ್ಲ. ಅಜ್ಜಂಪುರದಲ್ಲಿ ಯಾರಿಗೂ ಗೊತ್ತಾಗಿರಲಾರದು.

ಭಾರತವೂ ಈ ಸಂಬಂಧವನ್ನು ಕಾನೂನಿನಲ್ಲಿ ಬರೆದುಕೊಂಡಿತು. ಕಾಮನ್‌ವೆಲ್ತ್ ದೇಶಗಳು ಸಂವಿಧಾನದ ಅರ್ಥದಲ್ಲಿ 'ವಿದೇಶ'ವಲ್ಲ ಎಂದು 1950ರಲ್ಲಿ ರಾಷ್ಟ್ರಪತಿಗಳ ಆದೇಶವೇ ಹೊರಟಿತು. 1955ರ ಪೌರತ್ವ ಕಾಯ್ದೆಯ 11ನೇ ಕಲಮು ಕಾಮನ್‌ವೆಲ್ತ್ ಪೌರತ್ವವನ್ನು ಒಪ್ಪಿಕೊಂಡಿತು. ಇದನ್ನು ಇಂದಿನ ಅರ್ಥದ ದ್ವಿಪೌರತ್ವ ಎನ್ನಲಾಗದು. ಆದರೂ ಒಂದು ಪೌರತ್ವದ ಮೇಲೆ ಇನ್ನೊಂದು ಸ್ಥಾನ ತೆಳ್ಳಗೆ ಹೊದ್ದುಕೊಂಡಿತ್ತು.

ಆ ಹೊದಿಕೆಗೆ ಬೆಲೆಯೂ ಇತ್ತು. 1962ರ ಜುಲೈ 1ರವರೆಗೆ ಭಾರತದ ಪೌರರು ವೀಸಾ ಇಲ್ಲದೆ ಬ್ರಿಟನ್ನಿಗೆ ಹೋಗಿ, ನೆಲೆಸಿ, ದುಡಿಯಬಹುದಿತ್ತು. ಅಜ್ಜಿಗೆ ಇಪ್ಪತ್ತೊಂದು ತುಂಬುವವರೆಗೂ ಲಂಡನ್ನಿನ ಬಾಗಿಲು ಕಾನೂನಿನಲ್ಲಿ ತೆರೆದೇ ಇತ್ತು. ತೊಡಕು ಇದ್ದದ್ದು ಈ ಬದಿಯಲ್ಲಿ. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಭಾರತ ಸರ್ಕಾರದ ಮರ್ಜಿ. ಓದಿಲ್ಲದವರಿಗೆ, ಹಣವಿಲ್ಲದವರಿಗೆ ಬ್ರಿಟನ್ನಿಗೆ ಹೋಗಲು ಪಾಸ್‌ಪೋರ್ಟ್ ಕೊಡದಿರುವುದೇ ಆ ಕಾಲದ ಕ್ರಮವಾಗಿತ್ತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ, ಅದನ್ನು ಅಧಿಕಾರಿಗಳ ಮರ್ಜಿಗೆ ಬಿಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ, ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಅಷ್ಟು ಹೊತ್ತಿಗೆ ಆ ಬದಿಯ ಬಾಗಿಲು ಮುಚ್ಚಿ ಐದು ವರ್ಷವಾಗಿತ್ತು.

ಅಜ್ಜಿ ಎಂಬ ದಾಖಲೆ

1962ರ ಕಾಯ್ದೆ ಕೆಲಸದ ಚೀಟಿಗಳನ್ನು ತಂದಿತು. ಕೆಲಸ ಮೊದಲೇ ಗೊತ್ತಾದವರಿಗೆ ಒಂದು, ವೈದ್ಯರು, ಶಿಕ್ಷಕರಂಥ ಕಸಬುದಾರರಿಗೆ ಒಂದು, ಉಳಿದವರಿಗೆ ಒಂದು. ಮೂರನೆಯದು ಬೇಗನೆ ನಿಂತುಹೋಯಿತು. 1968ರಲ್ಲಿ ಇನ್ನೂ ದೊಡ್ಡ ಏಟು ಬಿತ್ತು. ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಸಾವಿರಾರು ಜನರ ಬಳಿ ಬ್ರಿಟಿಷ್ ಪಾಸ್‌ಪೋರ್ಟೇ ಇತ್ತು. ಅಲ್ಲಿ ಅವರ ಬದುಕು ಕಷ್ಟವಾಗಿ ಅವರು ಬ್ರಿಟನ್ನಿನತ್ತ ಹೊರಟಾಗ, ಬ್ರಿಟಿಷ್ ಸಂಸತ್ತು ಮೂರೇ ದಿನದಲ್ಲಿ ಹೊಸ ಕಾಯ್ದೆ ಮಾಡಿತು. ಪಾಸ್‌ಪೋರ್ಟ್ ಇದ್ದರೆ ಸಾಲದು. ತಂದೆತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಎಂಬುದು ಅದರ ಸಾರ.

ಎರಡು ದೇಶದ ನಂಟಿರುವವರ ಇತಿಹಾಸದಲ್ಲಿ ಇದು ಮರೆಯಬಾರದ ಪಾಠ. ಕೈಯಲ್ಲಿ ಪಾಸ್‌ಪೋರ್ಟ್ ಇರುವುದೂ ಆ ಪಾಸ್‌ಪೋರ್ಟಿಗೆ ಬೆಲೆ ಇರುವುದೂ ಬೇರೆ ಬೇರೆ. ಬೆಲೆ ಕಟ್ಟುವವರು ಕೊಟ್ಟವರೇ, ಅದನ್ನು ಅವರು ಒಂದು ವಾರದೊಳಗೆ ಬದಲಿಸಬಲ್ಲರು.

ಹೀಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುವಾಗ ಕಾಮನ್‌ವೆಲ್ತ್ ಯುವಜನರಿಗಾಗಿ ಒಂದು ಕಿಟಕಿ ಉಳಿಯಿತು. 1971ರ ವಲಸೆ ಕಾಯ್ದೆಯ ನಂತರದ ನಿಯಮಗಳಲ್ಲಿ 'ವರ್ಕಿಂಗ್ ಹಾಲಿಡೇಮೇಕರ್' ಎಂಬ ವರ್ಗವಿತ್ತು. ಭಾರತದವರೂ ಸೇರಿ ಕಾಮನ್‌ವೆಲ್ತ್ ದೇಶಗಳ 17ರಿಂದ 27 ವರ್ಷದವರು ಎರಡು ವರ್ಷ ಬ್ರಿಟನ್ನಿನಲ್ಲಿ ಇರಬಹುದು. ಸುತ್ತಾಟ ಮುಖ್ಯ, ದುಡಿಮೆ ಅದಕ್ಕೆ ಪೂರಕ. 2003ರಲ್ಲಿ ವಯಸ್ಸಿನ ಮಿತಿಯನ್ನು 30ಕ್ಕೆ ಏರಿಸಿ ಕೆಲಸದ ನಿರ್ಬಂಧಗಳನ್ನೂ ಸಡಿಲಿಸಿದರು. 2005ರಲ್ಲಿ ಮತ್ತೆ ಬಿಗಿ ಮಾಡಿ, ಎರಡು ವರ್ಷದಲ್ಲಿ ಹನ್ನೆರಡು ತಿಂಗಳಷ್ಟೇ ದುಡಿಯಬಹುದೆಂದರು. 2008ರ ನವೆಂಬರ್‌ನಲ್ಲಿ ಆ ವರ್ಗವನ್ನೇ ತೆಗೆದು ಯೂತ್ ಮೊಬಿಲಿಟಿ ಯೋಜನೆ ತಂದರು. ಅದರ ಮೊದಲ ಪಟ್ಟಿಯಲ್ಲಿದ್ದ ದೇಶಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಮತ್ತು ಜಪಾನ್. ಭಾರತ ಇರಲಿಲ್ಲ.

ಇಲ್ಲಿ ಆದ ಬದಲಾವಣೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಅರ್ಹತೆ ಬರುತ್ತಿದ್ದದ್ದು ಹಳೆಯ ಸಾಮ್ರಾಜ್ಯದ ನಂಟಿನಿಂದ. ಅಲ್ಲಿಂದ ಮುಂದೆ ಬಂದದ್ದು ಎರಡು ಸರ್ಕಾರಗಳ ನಡುವಿನ ಒಪ್ಪಂದದಿಂದ. ನಂಟಿಗೆ ಲೆಕ್ಕವಿರಲಿಲ್ಲ, ಒಪ್ಪಂದಕ್ಕೆ ಸಂಖ್ಯೆಯಿದೆ. ಭಾರತ ಮತ್ತು ಬ್ರಿಟನ್ 2021ರಲ್ಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2023ರ ಫೆಬ್ರವರಿ 28ರಂದು ಭಾರತದ ಯುವ ವೃತ್ತಿಪರರ ಯೋಜನೆ ಶುರುವಾಯಿತು. ವರ್ಷಕ್ಕೆ 3,000 ಜಾಗ, ವಯಸ್ಸು 18ರಿಂದ 30, ಪದವಿ ಕಡ್ಡಾಯ, ಖಾತೆಯಲ್ಲಿ 2,530 ಪೌಂಡ್ ತೋರಿಸಬೇಕು, ಆಯ್ಕೆ ಚೀಟಿ ಎತ್ತಿ.

ಆಸ್ಟ್ರೇಲಿಯಾದ್ದೂ ಇದೇ ದಾರಿ. ಬಿಳಿಯರಿಗಷ್ಟೇ ಬಾಗಿಲು ತೆರೆಯುತ್ತಿದ್ದ ವಲಸೆ ನೀತಿಯನ್ನು ಆ ದೇಶ ಪೂರ್ತಿ ಕೈಬಿಟ್ಟದ್ದು 1973ರಲ್ಲಿ. ಎರಡು ವರ್ಷದ ನಂತರ, 1975ರಲ್ಲಿ, ವರ್ಕಿಂಗ್ ಹಾಲಿಡೇ ಆರಂಭಿಸಿದಾಗ ಅದು ಕರೆದದ್ದು ಬ್ರಿಟನ್, ಕೆನಡಾಗಳ ಯುವಜನರನ್ನು. ಭಾರತದ ಸರದಿ ಬಂದದ್ದು ವ್ಯಾಪಾರ ಒಪ್ಪಂದದ ಒಂದು ಕಲಮಾಗಿ. 2022ರ ಏಪ್ರಿಲ್ 2ರಂದು ಸಹಿಯಾದ ಆ ಒಪ್ಪಂದ ಅದೇ ಡಿಸೆಂಬರ್ 29ರಂದು ಜಾರಿಯಾಯಿತು. ಮೊದಲ ಚೀಟಿಗೆ ಹೆಸರು ಕೊಡಲು ಅವಕಾಶ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. 1,000 ಜಾಗಕ್ಕೆ ಮೊದಲ ಎರಡು ವಾರಗಳಲ್ಲೇ ಸುಮಾರು 40,000 ಹೆಸರು ಬಂದವು ಎಂದು ಆಸ್ಟ್ರೇಲಿಯಾದ ಸಚಿವರು ಹೇಳಿದರು.

ಆರು ತಿಂಗಳು

ಈಗ ಚಿಕ್ಕಪ್ಪನ ಮಗನ ಪ್ರಶ್ನೆಗೆ ಬರೋಣ. ಭಾರತದಲ್ಲಿ ದ್ವಿಪೌರತ್ವ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಸ್ವಇಚ್ಛೆಯಿಂದ ವಿದೇಶದ ಪೌರತ್ವ ಪಡೆದವರು ಭಾರತದ ಪೌರರಲ್ಲ ಎಂದು ಸಂವಿಧಾನದ 9ನೇ ವಿಧಿ ಹೇಳುತ್ತದೆ. 1955ರ ಕಾಯ್ದೆಯ 9ನೇ ಕಲಮು ಅದನ್ನು ಸಂವಿಧಾನ ಜಾರಿಯಾದ ನಂತರದ ಕಾಲಕ್ಕೂ ವಿಸ್ತರಿಸಿತು. ಇನ್ನೊಂದು ದೇಶದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವ ಪಡೆದದ್ದಕ್ಕೆ ನಿರ್ಣಾಯಕ ಸಾಕ್ಷಿ ಎಂಬ ನಿಯಮವನ್ನು 1962ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ಬಿಗಿಗೆ ಕಾರಣ ದೇಶ ವಿಭಜನೆಯ ಗಾಯ. ಯಾರು ಇಲ್ಲಿಯವರು, ಯಾರು ಅಲ್ಲಿಯವರು ಎಂಬುದನ್ನು ಒಂದು ಗೆರೆ ಎಳೆದು ಹೇಳಲೇಬೇಕಾಗಿದ್ದ ಕಾಲ ಅದು.

ಆದರೆ 'ಸ್ವಇಚ್ಛೆಯಿಂದ' ಎಂಬ ಪದ ಸಣ್ಣದೊಂದು ಸಂದು ಬಿಡುತ್ತದೆ. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಆ ದೇಶದ ಪೌರತ್ವವನ್ನು ಕೇಳಿ ಪಡೆಯುವುದಿಲ್ಲ, ಹುಟ್ಟುತ್ತಲೇ ಅದು ಬಂದಿರುತ್ತದೆ. ಚಿಕ್ಕಪ್ಪ ಚಿಕ್ಕಮ್ಮ ಆಗ ಭಾರತದ ಪೌರರೇ. ಮಗು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿಲ್ಲ ಎಂದು ಬರೆದುಕೊಟ್ಟು, ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿದರು. ಹೀಗೆ ಅವನು ವಂಶದಿಂದ ಭಾರತದ ಪೌರ, ನೆಲದಿಂದ ಅಮೆರಿಕದ ಪೌರ. ಕಾನೂನು ಇದನ್ನು ನೋಡಿಯೂ ಸುಮ್ಮನಿರುತ್ತದೆ, ಒಂದು ಗಡುವಿನವರೆಗೆ ಮಾತ್ರ. ಅಂಥ ಮಗು ಪ್ರಾಪ್ತವಯಸ್ಕನಾದ ಆರು ತಿಂಗಳೊಳಗೆ ಇನ್ನೊಂದು ದೇಶದ ಪೌರತ್ವವನ್ನು ಬಿಟ್ಟುಕೊಡದಿದ್ದರೆ ಭಾರತದ ಪೌರತ್ವ ತಾನಾಗಿ ಹೋಗುತ್ತದೆ ಎನ್ನುತ್ತದೆ 4ನೇ ಕಲಮು.

ವರ್ಕಿಂಗ್ ಹಾಲಿಡೇ ವೀಸಾ ಶುರುವಾಗುವ ವಯಸ್ಸು ಹದಿನೆಂಟು. ನಮ್ಮ ಕಾನೂನು ಸಹಿಸುವ ಎರಡು ಪೌರತ್ವ ಮುಗಿಯುವುದು ಹದಿನೆಂಟೂವರೆಗೆ. ಎರಡೂ ಕೂಡಿ ಇರುವುದು ಆ ಆರು ತಿಂಗಳು ಮಾತ್ರ. ಅಷ್ಟರಲ್ಲಿ ಭಾರತದ ಸಾಲಿನಲ್ಲಿ ನಿಲ್ಲಲು ಅವನಿಗೆ ಓದು ಸಾಲದು. ಭಾರತದವರು ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿರಬೇಕು ಎಂಬ ಷರತ್ತಿದೆ. ಅಮೆರಿಕದವರಿಗೆ ಪ್ರೌಢಶಿಕ್ಷಣ ಮುಗಿಸಿದ್ದರೆ ಸಾಕು, ಸಂಖ್ಯೆಯ ಮಿತಿಯೂ ಇಲ್ಲ, ಚೀಟಿಯೂ ಇಲ್ಲ. ಆದರೆ ಆ ಸಾಲಿನಲ್ಲಿ ನಿಲ್ಲಲು ಅಮೆರಿಕದ ಪಾಸ್‌ಪೋರ್ಟ್ ಬೇಕು. ಅದನ್ನು ಮಾಡಿಸಿದರೆ ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ.

ಎರಡು ಪೌರತ್ವಕ್ಕೆ ಎರಡೂ ಕಡೆ ಒಪ್ಪಿಗೆಯಿರುವ ದೇಶದವರಿಗೂ ಈ ವೀಸಾದಲ್ಲಿ ಒಂದು ಮೂಲ ನಿಯಮವಿದೆ. ವೀಸಾ ಅಂಟಿಕೊಳ್ಳುವುದು ಅರ್ಜಿಗೆ ತೋರಿಸಿದ ಪಾಸ್‌ಪೋರ್ಟಿಗೆ. ಎರಡು ಪಾಸ್‌ಪೋರ್ಟುಗಳ ಪೈಕಿ ಒಂದು ಪಟ್ಟಿಯಲ್ಲಿದ್ದರೆ ಸಾಕು, ಅದರಲ್ಲೇ ಅರ್ಜಿ ಹಾಕಬಹುದು. ಹಾಗೆಂದು ಎರಡು ಪಾಸ್‌ಪೋರ್ಟಿಗೆ ಎರಡು ಪಾಲು ಕೇಳುವಂತಿಲ್ಲ. ಬ್ರಿಟನ್ನಿನ ಯೋಜನೆಯಲ್ಲಿ, ಹಿಂದೆ ಯೂತ್ ಮೊಬಿಲಿಟಿಯಲ್ಲೋ ಹಳೆಯ ವರ್ಕಿಂಗ್ ಹಾಲಿಡೇಮೇಕರ್ ಆಗಿಯೋ ಅಲ್ಲಿ ಇದ್ದು ಬಂದವರು ಮತ್ತೆ ಅರ್ಜಿ ಹಾಕುವಂತಿಲ್ಲ, ಎರಡನೆಯ ಸಲ ಯಾವ ಪಾಸ್‌ಪೋರ್ಟ್ ಹಿಡಿದು ಬಂದರೂ ಸರಿಯೇ. ಪಾಸ್‌ಪೋರ್ಟ್ ಎರಡಾದರೂ ಯೌವನ ಒಂದೇ ಎಂದು ಅವರ ಲೆಕ್ಕ.

ಅತ್ತೆಯ ಮಗಳ ಕೈಚೀಲದಲ್ಲಿ ಬ್ರಿಟಿಷ್ ಪಾಸ್‌ಪೋರ್ಟಿನ ಜೊತೆಗೆ ಇನ್ನೊಂದು ನೀಲಿ ಪುಸ್ತಕವೂ ಇದೆ, ಒಸಿಐ ಕಾರ್ಡ್. 'ಭಾರತದ ಸಾಗರೋತ್ತರ ಪೌರ' ಎಂದು ಅದರ ಹೆಸರು. ಹೆಸರಿನಲ್ಲಿ ಪೌರ ಎಂದಿದ್ದರೂ ಅದು ಪೌರತ್ವವಲ್ಲ. 2005ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಾಗ ಕೆಲವರು ಅದನ್ನು ದ್ವಿಪೌರತ್ವವೆಂದೇ ಕರೆದರು. 2015ರ ತಿದ್ದುಪಡಿ ಅದನ್ನು 'ಕಾರ್ಡುದಾರ' ಎಂದು ಬದಲಿಸಿ ಭ್ರಮೆ ಬಿಡಿಸಿತು. ಅವಳು ಎಷ್ಟು ಸಲ ಬೇಕಾದರೂ ಅಜ್ಜಂಪುರಕ್ಕೆ ಬರಬಹುದು, ಎಷ್ಟು ದಿನವಾದರೂ ಇರಬಹುದು. ಮತ ಹಾಕುವಂತಿಲ್ಲ. ಅಡಿಕೆ ತೋಟ ಕೊಳ್ಳುವಂತಿಲ್ಲ, ಅಜ್ಜಿಯಿಂದ ಪಾಲು ಬಂದರೆ ಇಟ್ಟುಕೊಳ್ಳಬಹುದು. ಭಾರತದ ಪಾಲಿನ 1,000 ಜಾಗಗಳಿಗೆ ಒಸಿಐ ಕಾರ್ಡು ತೋರಿಸಿ ಹೆಸರು ಕೊಡುವಂತೆಯೂ ಇಲ್ಲ. ಅಲ್ಲಿ ಕೇಳುವುದು ಭಾರತದ ಪಾಸ್‌ಪೋರ್ಟನ್ನು.

ಒಸಿಐ ನಿಯಮ ಓದುವಾಗ 1968ರ ಬ್ರಿಟಿಷ್ ಕಾಯ್ದೆ ನೆನಪಾಗದೆ ಇರದು. ಅಲ್ಲಿಯೂ ಅಜ್ಜ ಅಜ್ಜಿ, ಇಲ್ಲಿಯೂ ಅಜ್ಜ ಅಜ್ಜಿ. 1950ರ ಜನವರಿ 26ರಂದು ಭಾರತದ ಪೌರರಾಗಲು ಅರ್ಹರಾಗಿದ್ದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಒಸಿಐಗೆ ಅರ್ಹರು. ಬ್ರಿಟನ್ ಹೊರಗಿಡಲು ಬಳಸಿದ ಅದೇ ಅಳತೆಗೋಲನ್ನು ಭಾರತ ಒಳಗೆ ಕರೆಯಲು ಬಳಸಿತು. ಎರಡು ಕಡೆಯೂ ಮನೆಯ ಹಿರಿಯರು ಒಂದು ದಾಖಲೆಯಾದರು. ಜಗಲಿಯಲ್ಲಿ ಅಡಿಕೆ ಕತ್ತರಿಸುವ ನಮ್ಮ ಅಜ್ಜಿಯೂ ಒಂದು ದಾಖಲೆಯೇ, ಅವರಿಗೆ ಗೊತ್ತಿಲ್ಲ ಅಷ್ಟೆ.

ಇದೇ ತಿದ್ದುಪಡಿಯ ಇನ್ನೊಂದು ಕೆಲಸ ಯಾರ ಗಮನಕ್ಕೂ ಬರಲಿಲ್ಲ. ಒಸಿಐಗೆ ದಾರಿ ಮಾಡಿದ 2003ರ ಕಾಯ್ದೆಯೇ ಕಾಮನ್‌ವೆಲ್ತ್ ಪೌರತ್ವದ 11 ಮತ್ತು 12ನೇ ಕಲಮುಗಳನ್ನು ಕಿತ್ತುಹಾಕಿತು. ಬ್ರಿಟನ್ನಿನ ಕಾನೂನಿನಲ್ಲಿ ಮಾತ್ರ ಆ ನೆರಳು ಇನ್ನೂ ಇದೆ. ಇವತ್ತಿಗೂ ಅಲ್ಲಿ ವಾಸವಾಗಿರುವ ಭಾರತದ ಪೌರರು ಕಾಮನ್‌ವೆಲ್ತ್ ಪೌರರೆಂಬ ಕಾರಣಕ್ಕೆ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಬಹುದು. ಅಜ್ಜಂಪುರದ ಅಭ್ಯರ್ಥಿಗೆ ಮತ ಹಾಕಲಾಗದ ಅತ್ತೆಯ ಮಗಳು, ಲಂಡನ್ನಿನ ಅಭ್ಯರ್ಥಿಗೆ ಮತ ಹಾಕಬಹುದಾದ ಭಾರತದ ವಿದ್ಯಾರ್ಥಿ, ಇಬ್ಬರೂ ಒಂದೇ ವಿಮಾನದಲ್ಲಿ ಬರುತ್ತಾರೆ.

ಊರು ಮತ್ತು ಹೆಸರು

ಅಜ್ಜಿಯ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇಷ್ಟೆ. ಲೆಕ್ಕ ಬೇರೆಬೇರೆಯಾದದ್ದು ನಾವು ಬೇರೆಬೇರೆಯಾದದ್ದಕ್ಕಲ್ಲ. ನಾವು ಯಾವ ನೆಲದವರು ಎಂದು ಆ ವೀಸಾ ಕೇಳುವುದೇ ಇಲ್ಲ. ಯಾವ ಸರ್ಕಾರ ಯಾವ ಸರ್ಕಾರದ ಜೊತೆ ಏನು ಮಾತಾಡಿಕೊಂಡಿದೆ ಎಂಬುದಷ್ಟೇ ಅದಕ್ಕೆ ಬೇಕು. ಅಜ್ಜಿ ಒಂದೇ ಊರಿನಲ್ಲಿ ಇದ್ದುಕೊಂಡೇ ಮಹಾರಾಜರ ಪ್ರಜೆ, ರಕ್ಷಿತ ವ್ಯಕ್ತಿ, ಭಾರತದ ಪೌರ, ಬ್ರಿಟಿಷ್ ಪ್ರಜೆ, ಕಾಮನ್‌ವೆಲ್ತ್ ಪೌರ ಎಲ್ಲವೂ ಆದರು. ಒಂದು ಸಲವೂ ಯಾರೂ ಅವರನ್ನು ಕೇಳಲಿಲ್ಲ.

ಹಾಗೆಂದು ಕಾಗದವನ್ನು ಹಗುರವಾಗಿ ಕಾಣುವಂತಿಲ್ಲ. ಕೀನ್ಯಾದವರಿಗೆ ಅದು ಬದುಕಿನ ಪ್ರಶ್ನೆಯಾಗಿತ್ತು. ಚಿಕ್ಕಪ್ಪನ ಮಗ ದಸರೆಯ ಹೊತ್ತಿಗೆ ತೀರ್ಮಾನಿಸಲೇಬೇಕು. ಒಂದು ವರ್ಷದ ಸುತ್ತಾಟಕ್ಕಾಗಿ ಪೌರತ್ವ ಆರಿಸಿಕೊಳ್ಳಬೇಡ ಎಂದು ನಾನು ಅವನಿಗೆ ಹೇಳಿದೆ. ವೀಸಾದ ನಿಯಮ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ವಯಸ್ಸಿನ ಮಿತಿ ಏರುತ್ತದೆ ಇಳಿಯುತ್ತದೆ. ಎಲ್ಲಿ ಮತ ಹಾಕಬೇಕೆಂದಿದ್ದೀಯ, ಯಾವ ಊರಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಜಗಳಾಡುವ ಹಕ್ಕು ನಿನಗೆ ಬೇಕು ಎಂದು ಮೊದಲು ಯೋಚಿಸು ಎಂದೆ. ಅವನು ಇನ್ನೂ ಯೋಚಿಸುತ್ತಿದ್ದಾನೆ.

ನಮ್ಮ ಕಡೆಯವರಿಗೆ ಊರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ಅಭ್ಯಾಸವಿದೆ. 'ನಾನು ಕೊಂದ ಹುಡುಗಿ' ಬರೆದ ಆನಂದ ಅವರ ಪೂರ್ತಿ ಹೆಸರು ಅಜ್ಜಂಪುರ ಸೀತಾರಾಂ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಉಪನಾಮ ಬರೆಯುವ ಜಾಗ ಬಂದಾಗ ನಮ್ಮ ಮನೆಯವರೂ ಊರಿನ ಹೆಸರನ್ನೇ ತುಂಬಿದರು. ಅತ್ತೆ ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ, ಮಗಳಿಗೂ ಅದನ್ನೇ ಕೊಟ್ಟರು.

ಊರಿಂದ ಹೊರಡುವ ದಿನ ಅಜ್ಜಿ ಮೂವರ ಪಾಸ್‌ಪೋರ್ಟನ್ನೂ ಕೇಳಿ ಇಸಿದುಕೊಂಡು, ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. ಇಂಗ್ಲಿಷ್ ಓದಲು ಬಾರದು. "ಇದರಲ್ಲಿ ಊರಿನ ಹೆಸರು ಎಲ್ಲಿದೆ ತೋರಿಸು" ಎಂದರು. ಉಪನಾಮದ ಸಾಲನ್ನು ಬೆರಳಿಟ್ಟು ತೋರಿಸಿದೆ. ಮೂರರಲ್ಲೂ ಅದು ಇತ್ತು.